ಹಳದಿ ಕಾರ್ಡು ಮತ್ತು ಮನೆಯ ಬ್ಯಾರಲ್: ಆಫ್ರಿಕಾ ಪ್ರಯಾಣದ ಆರೋಗ್ಯ ಮುನ್ನೆಚ್ಚರಿಕೆಗಳು

2023ರ ಏಪ್ರಿಲ್ 15ರಂದು ಸುಡಾನಿನ ರಾಜಧಾನಿ ಖಾರ್ಟೂಮ್‌ನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಶುರುವಾಯಿತು. ಅಲ್ಲಿ ಸಿಕ್ಕಿಕೊಂಡ ಭಾರತೀಯರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ನೂರಕ್ಕೂ ಹೆಚ್ಚು ಜನ ಇದ್ದರು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಿಂದ, ಶಿವಮೊಗ್ಗ ಮತ್ತು ದಾವಣಗೆರೆ ಜಿಲ್ಲೆಗಳಿಂದ ಈ ಸಮುದಾಯದವರು ಗಿಡಮೂಲಿಕೆಯ ಎಣ್ಣೆ ಮಾರಲು ಆಫ್ರಿಕಾದ ಹಲವು ದೇಶಗಳಿಗೆ ಹೋಗುತ್ತಾರೆ. ಸುಡಾನಿನಲ್ಲಿದ್ದವರನ್ನು ಕರೆತರಲು ಕೇಂದ್ರ ಸರ್ಕಾರ ಏಪ್ರಿಲ್ 24ರಂದು ಆರಂಭಿಸಿದ ಕಾರ್ಯಾಚರಣೆಗೆ ನಮ್ಮ ನದಿಯ ಹೆಸರನ್ನೇ ಇಡಲಾಗಿತ್ತು: ಆಪರೇಷನ್ ಕಾವೇರಿ. ಮೇ 5ರ ಹೊತ್ತಿಗೆ 3,862 ಜನ ಸುರಕ್ಷಿತವಾಗಿ ಹೊರಬಂದರು.

ಗುಂಡಿನ ಸದ್ದಿನಿಂದ ಪಾರಾಗಿ ಭಾರತದ ನೆಲ ಮುಟ್ಟಿದವರಲ್ಲಿ ಕೆಲವರು ಕೂಡಲೇ ಮನೆಗೆ ಹೋಗಲಾಗಲಿಲ್ಲ. ಅವರ ಬಳಿ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರ ಇರಲಿಲ್ಲ. ಅಂಥವರನ್ನು ಕ್ವಾರಂಟೈನ್‌ನಲ್ಲಿ ಇರಿಸಲಾಯಿತು. ಯುದ್ಧಭೂಮಿಯಿಂದ ಬಂದವರನ್ನೂ ಒಂದು ಕಾರ್ಡಿಗಾಗಿ ತಡೆಯುವಷ್ಟು ಮಹತ್ವ ಆ ಕಾರ್ಡಿಗೆ ಏಕೆ? ಇದಕ್ಕೆ ಉತ್ತರ ಸುಡಾನಿನಲ್ಲಿ ಹುಡುಕಬೇಕಾಗಿಲ್ಲ. ಗದಗ-ಬೆಟಗೇರಿಯ ಮನೆಮನೆಯ ನೀರಿನ ಬ್ಯಾರಲ್‌ನಲ್ಲಿ ಅದು ಸಿಗುತ್ತದೆ.

ನಮ್ಮ ಜಿಲ್ಲೆಯಿಂದಲೂ ದೂರದೇಶಕ್ಕೆ ಕೆಲಸಕ್ಕೆ, ಓದಿಗೆ, ವ್ಯಾಪಾರಕ್ಕೆ ಹೋಗುವವರು ಇದ್ದಾರೆ. ನಾಳೆ ನಮ್ಮ ವಿದ್ಯಾರ್ಥಿಯೊಬ್ಬನ ಅಣ್ಣನೋ ಅಪ್ಪನೋ ಹೋಗಬಹುದು. ಪ್ರಯಾಣದ ಮುನ್ನೆಚ್ಚರಿಕೆಗಳ ಪಟ್ಟಿ ಯಾರು ಬೇಕಾದರೂ ಕೊಡುತ್ತಾರೆ. ಪ್ರತಿ ಸಲಹೆಯ ಹಿಂದೆ ಇರುವ ವಿಜ್ಞಾನವನ್ನು ಬಿಡಿಸಿ ಹೇಳುವುದು ವಿಜ್ಞಾನ ಶಿಕ್ಷಕರ ಕೆಲಸ. ಕಾರಣ ತಿಳಿದವರು ಸಲಹೆಯನ್ನು ಅರ್ಧಕ್ಕೆ ಬಿಡುವುದಿಲ್ಲ. ಆ ಕಾರಣಗಳನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಕೊನೆಯಲ್ಲಿ ಇದನ್ನು ಬೋಧನಾಭ್ಯಾಸದ ತರಗತಿಯಲ್ಲಿ ಬಳಸುವ ಬಗೆಯನ್ನೂ ಸೂಚಿಸಿದ್ದೇನೆ.

ಮೊದಲು ಭೂಪಟ

ಆಫ್ರಿಕಾ ಒಂದು ದೇಶವಲ್ಲ. 54 ದೇಶಗಳ ಖಂಡ. ವಿಸ್ತೀರ್ಣದಲ್ಲಿ ಭಾರತದ ಒಂಬತ್ತು ಪಟ್ಟಿಗಿಂತ ಹೆಚ್ಚು. ಹೀಗಾಗಿ “ಆಫ್ರಿಕಾಕ್ಕೆ ಹೋಗುವಾಗ ಏನು ಮಾಡಬೇಕು” ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಈಜಿಪ್ಟ್, ಮೊರಾಕ್ಕೊ, ದಕ್ಷಿಣ ಆಫ್ರಿಕಾ ಹಳದಿ ಜ್ವರದ ದೇಶಗಳಲ್ಲ. ನೈಜೀರಿಯಾ, ಉಗಾಂಡಾ, ಕೀನ್ಯಾ, ಇಥಿಯೋಪಿಯಾ ಆ ಪಟ್ಟಿಯಲ್ಲಿವೆ. ಒಂದೇ ದೇಶದೊಳಗೂ ವ್ಯತ್ಯಾಸ ಇರುತ್ತದೆ. ಕೀನ್ಯಾದ ರಾಜಧಾನಿ ನೈರೋಬಿ ಎತ್ತರದ ತಂಪು ಊರು, ಅಲ್ಲಿ ಮಲೇರಿಯಾ ಅಪಾಯ ಕಡಿಮೆ. ಅದೇ ದೇಶದ ವಿಕ್ಟೋರಿಯಾ ಸರೋವರದ ದಂಡೆಯಲ್ಲಿ ಮತ್ತು ಮೊಂಬಾಸಾ ಕರಾವಳಿಯಲ್ಲಿ ಹೆಚ್ಚು.

ವಿವರಣೆಗೆ ಅನುಕೂಲವಾಗಲೆಂದು ಒಂದು ಪ್ರಯಾಣವನ್ನು ಕಲ್ಪಿಸಿಕೊಳ್ಳೋಣ. ಮುಂಡರಗಿಯ ಒಬ್ಬ ಪಂಪ್‌ಸೆಟ್ ಮೆಕ್ಯಾನಿಕ್ ಆರು ತಿಂಗಳ ಕೆಲಸಕ್ಕೆ ಕೀನ್ಯಾದ ಕಿಸುಮು ಪಟ್ಟಣಕ್ಕೆ ಹೊರಟಿದ್ದಾರೆ. ಕಿಸುಮು ವಿಕ್ಟೋರಿಯಾ ಸರೋವರದ ದಂಡೆಯ ಊರು. ಭಾರತೀಯರಿಗೆ ಅದು ಹೊಸ ಜಾಗವೇನಲ್ಲ. ಮೊಂಬಾಸಾದಿಂದ ಈ ದಂಡೆಯವರೆಗೆ 1896ರಿಂದ 1901ರವರೆಗೆ ಬ್ರಿಟಿಷರು ಹಾಕಿಸಿದ ರೈಲುದಾರಿಗೆ ಸುಮಾರು 32 ಸಾವಿರ ಕೂಲಿಗಳನ್ನು ಭಾರತದಿಂದ ಒಯ್ದಿದ್ದರು. ಅವರಲ್ಲಿ ಸುಮಾರು 2,500 ಜನ ಅಲ್ಲೇ ಸತ್ತರು. ಸಾವೋ ಎಂಬಲ್ಲಿ ಕೂಲಿಗಳನ್ನು ತಿಂದ ಎರಡು ಸಿಂಹಗಳ ಕಥೆ ಲೋಕಪ್ರಸಿದ್ಧ. ಆದರೆ ಸಿಂಹಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಜನರನ್ನು ಕೊಂದದ್ದು ರೋಗ ಮತ್ತು ಅಪಘಾತ. ಈ ಮಾತು ಇಂದಿನ ಪ್ರಯಾಣಿಕರಿಗೂ ಅನ್ವಯಿಸುತ್ತದೆ. ಹೆದರಬೇಕಾದದ್ದು ಸಿಂಹಕ್ಕಲ್ಲ, ಸೊಳ್ಳೆಗೆ.

ಹಳದಿ ಜ್ವರ: ಕಾರ್ಡು ಯಾರ ರಕ್ಷಣೆಗೆ?

ಹಳದಿ ಜ್ವರ ಒಂದು ವೈರಸ್ ರೋಗ. ಸೋಂಕು ತಗುಲಿದ 3ರಿಂದ 6 ದಿನಗಳಲ್ಲಿ ಜ್ವರ, ತಲೆನೋವು, ಬೆನ್ನುನೋವು, ವಾಂತಿ ಕಾಣಿಸುತ್ತವೆ. ಬಹಳ ಜನ ಅಲ್ಲಿಗೇ ಗುಣವಾಗುತ್ತಾರೆ. ಕೆಲವರಲ್ಲಿ ಮಾತ್ರ ಒಂದೆರಡು ದಿನ ಬಿಟ್ಟು ರೋಗ ಮರಳಿ ಕೆರಳುತ್ತದೆ. ಯಕೃತ್ತು ಕೆಟ್ಟು ಮೈ ಹಳದಿಯಾಗುತ್ತದೆ, ರಕ್ತಸ್ರಾವ ಆಗುತ್ತದೆ. ಈ ಹಂತ ತಲುಪಿದವರಲ್ಲಿ ಸುಮಾರು ಅರ್ಧದಷ್ಟು ಜನ ಏಳೆಂಟು ಹತ್ತು ದಿನದೊಳಗೆ ಸಾಯುತ್ತಾರೆ. ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ. ಇರುವುದು ಲಸಿಕೆ ಮಾತ್ರ, ಅದೂ ಬಹಳ ಒಳ್ಳೆಯ ಲಸಿಕೆ. 17ಡಿ ಎಂಬ ಈ ಲಸಿಕೆಗೆ ಕಾರಣವಾದ ಸಂಶೋಧನೆಗೆ ಮ್ಯಾಕ್ಸ್ ಥೀಲರ್ ಅವರಿಗೆ 1951ರಲ್ಲಿ ನೊಬೆಲ್ ಬಂದಿತು. ಒಂದೇ ಚುಚ್ಚುಮದ್ದು ಸಾಕು.

ಈ ರೋಗ ಹರಡುವುದು ಈಡಿಸ್ ಈಜಿಪ್ಟಿ ಎಂಬ ಸೊಳ್ಳೆಯಿಂದ. ಡೆಂಗಿ ಮತ್ತು ಚಿಕುನ್‌ಗುನ್ಯಾ ಹರಡುವುದೂ ಇದೇ ಸೊಳ್ಳೆ. ಕಾಲಿನ ಮೇಲೆ ಬಿಳಿ ಪಟ್ಟೆ, ಕಚ್ಚುವುದು ಹಗಲು ಹೊತ್ತು. ಮೊಟ್ಟೆ ಇಡಲು ಇದಕ್ಕೆ ಕೊಚ್ಚೆ ಬೇಕಾಗಿಲ್ಲ; ಮನೆಯ ತಿಳಿನೀರೇ ಬೇಕು. ಗದಗ-ಬೆಟಗೇರಿಯಲ್ಲಿ ನಲ್ಲಿ ನೀರು ದಿನವೂ ಬರುವುದಿಲ್ಲ. ವಾರ, ಹತ್ತು ದಿನ, ಬೇಸಿಗೆಯಲ್ಲಿ ಇನ್ನೂ ತಡವಾಗುವುದು ನಮಗೆಲ್ಲ ಅನುಭವ. ಹಾಗಾಗಿ ಪ್ರತಿ ಮನೆಯಲ್ಲೂ ಬ್ಯಾರಲ್, ಟಾಕಿ, ಕೊಡಗಳಲ್ಲಿ ನೀರು ತುಂಬಿಡುತ್ತೇವೆ. ಈಡಿಸ್ ಸೊಳ್ಳೆಯ ಮೊಟ್ಟೆ ನೀರು ಕಂಡು ಲಾರ್ವಾ, ಪ್ಯೂಪಾ ಆಗಿ, ರೆಕ್ಕೆ ಬಲಿತು ಹಾರಲು ತೆಗೆದುಕೊಳ್ಳುವ ಕಾಲ ಏಳರಿಂದ ಹತ್ತು ದಿನ. ನಮ್ಮ ನೀರಿನ ಪಾಳಿಯೂ ಸೊಳ್ಳೆಯ ಜೀವನಚಕ್ರವೂ ಹೆಚ್ಚು ಕಡಿಮೆ ಒಂದೇ ಲೆಕ್ಕಕ್ಕೆ ಬರುತ್ತವೆ.

ಈಗ ಕಾರ್ಡಿನ ಪ್ರಶ್ನೆ ಬಿಡಿಸಬಹುದು. ಹಳದಿ ಜ್ವರ ಹರಡಲು ಮೂರು ಬೇಕು: ವೈರಸ್, ಸೊಳ್ಳೆ, ರೋಗನಿರೋಧಕ ಶಕ್ತಿ ಇಲ್ಲದ ಜನ. ಭಾರತದಲ್ಲಿ ಎರಡನೆಯದು ಹೇರಳವಾಗಿದೆ. ಮೂರನೆಯದಂತೂ ನಾವೆಲ್ಲರೂ, ನಮ್ಮಲ್ಲಿ ಈ ಲಸಿಕೆ ಸಾರ್ವತ್ರಿಕವಾಗಿ ಕೊಡುವುದಿಲ್ಲ. ಇಲ್ಲದಿರುವುದು ಮೊದಲನೆಯದು ಒಂದೇ. ಏಷ್ಯಾದಲ್ಲಿ ಇದುವರೆಗೆ ಹಳದಿ ಜ್ವರ ಸ್ಥಳೀಯವಾಗಿ ಹರಡಿಲ್ಲ. ಆದರೆ 2016ರಲ್ಲಿ ಅಂಗೋಲಾದಿಂದ ಮರಳಿದ 11 ಕೆಲಸಗಾರರಲ್ಲಿ ಚೀನಾ ಈ ರೋಗ ಪತ್ತೆ ಮಾಡಿತು. ಅಂದರೆ ವೈರಸ್ ವಿಮಾನದಲ್ಲಿ ಏಷ್ಯಾಕ್ಕೆ ಬಂದಿಳಿದಾಗಿದೆ. ಸೋಂಕಿದ್ದ ಒಬ್ಬರು ಬೆಟಗೇರಿಯ ಓಣಿಗೆ ಬಂದು, ಅವರನ್ನು ಕಚ್ಚಿದ ಸೊಳ್ಳೆ ಪಕ್ಕದ ಮನೆಯವರನ್ನು ಕಚ್ಚಿದರೆ ಸಾಕು, ಸರಪಳಿ ಶುರುವಾಗುತ್ತದೆ. ಲಸಿಕೆ ಪ್ರಯಾಣಿಕನನ್ನು ಕಾಯುತ್ತದೆ. ಕಾರ್ಡು ಅವನ ಓಣಿಯನ್ನು ಕಾಯುತ್ತದೆ.

ಇದರಿಂದಲೇ ಭಾರತದ ನಿಯಮ ಕಠಿಣವಾಗಿದೆ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಸುಮಾರು ನಲವತ್ತು ದೇಶಗಳಿಂದ ಹೊರಟು ಆರು ದಿನದೊಳಗೆ ಇಲ್ಲಿಗೆ ಬಂದವರ ಬಳಿ ಸಿಂಧು ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್. ಆರೇ ದಿನ ಏಕೆ? ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳುವ ಗರಿಷ್ಠ ಅವಧಿ ಅದು. ಇಲ್ಲೊಂದು ಸಿಕ್ಕು ಇದೆ. ಭಾರತದಿಂದ ನೇರವಾಗಿ ಹೋಗುವವರನ್ನು ಕೀನ್ಯಾ ಈ ಕಾರ್ಡು ಕೇಳದಿರಬಹುದು, ಏಕೆಂದರೆ ನಾವು ರೋಗವಿಲ್ಲದ ದೇಶದವರು. ಮರಳಿ ಬರುವಾಗ ನಮ್ಮ ದೇಶವೇ ಕೇಳುತ್ತದೆ. “ಹೋಗುವಾಗ ಯಾರೂ ಕೇಳಲಿಲ್ಲ” ಎಂಬುದು ಬರುವಾಗ ಉತ್ತರವಾಗುವುದಿಲ್ಲ. ಅಡಿಸ್ ಅಬಾಬಾ, ನೈರೋಬಿಯಂಥ ಊರಲ್ಲಿ ವಿಮಾನ ಬದಲಿಸಿ ಮುಂದೆ ಹೋಗುವವರೂ ಈ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಕಾರ್ಡಿನ ಬಗ್ಗೆ ನೆನಪಿಡಬೇಕಾದ ನಾಲ್ಕು ಸಂಗತಿ:

ಒಂದು, ಲಸಿಕೆ ಹಾಕಿಸಿಕೊಂಡ ಹತ್ತು ದಿನದ ನಂತರವೇ ಕಾರ್ಡು ಸಿಂಧು. ಜುಲೈ 20ರಂದು ಹಾಕಿಸಿಕೊಂಡರೆ ಜುಲೈ 30ರಿಂದ. ದೇಹ ಸಾಕಷ್ಟು ಪ್ರತಿಕಾಯ ತಯಾರಿಸಲು ಅಷ್ಟು ಕಾಲ ಬೇಕು. ಹೊರಡುವ ಹಿಂದಿನ ದಿನ ಹಾಕಿಸಿಕೊಂಡ ಲಸಿಕೆಯಿಂದ ಆ ವಾರ ಪ್ರಯೋಜನವಿಲ್ಲ.

ಎರಡು, ಇದು ಎಲ್ಲ ಆಸ್ಪತ್ರೆಗಳಲ್ಲಿ ಸಿಗುವ ಚುಚ್ಚುಮದ್ದಲ್ಲ. ಕೇಂದ್ರ ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ. ಬೆಂಗಳೂರಿನಲ್ಲಿ ಅಂಥ ಕೇಂದ್ರವಿದೆ. ಒಂದು ಸೀಸೆಯಲ್ಲಿ ಹಲವರಿಗೆ ಆಗುವಷ್ಟು ಲಸಿಕೆ ಇರುತ್ತದೆ, ಒಡೆದ ಮೇಲೆ ಕೆಲವೇ ಗಂಟೆಗಳಲ್ಲಿ ಬಳಸಿ ಮುಗಿಸಬೇಕು. ಹಾಗಾಗಿ ಕೇಂದ್ರದವರು ಜನ ಸೇರುವಂತೆ ದಿನ ಗೊತ್ತುಮಾಡಿ ಕೊಡುತ್ತಾರೆ. ಮುಂಡರಗಿಯಿಂದ ರಾತ್ರಿ ಬಸ್ಸು ಹತ್ತುವ ಮೊದಲು ದಿನವನ್ನು ಕಾಯ್ದಿರಿಸಬೇಕು, ಪಾಸ್‌ಪೋರ್ಟ್ ಜೊತೆಗಿರಬೇಕು.

ಮೂರು, 2016ರ ಜುಲೈ 11ರಿಂದ ಈ ಕಾರ್ಡು ಜೀವನಪರ್ಯಂತ ಸಿಂಧು. ಮೊದಲು ಹತ್ತು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕಿತ್ತು. ಹಳೆಯ ಕಾರ್ಡಿದ್ದವರು ಹೊಸದಕ್ಕೆ ಅಲೆಯಬೇಕಾಗಿಲ್ಲ.

ನಾಲ್ಕು, ಇದು ದುರ್ಬಲಗೊಳಿಸಿದ ಜೀವಂತ ವೈರಸ್ ಇರುವ ಲಸಿಕೆ. ಎಳೆಕೂಸುಗಳಿಗೆ, ಮೊಟ್ಟೆಯ ತೀವ್ರ ಅಲರ್ಜಿ ಇದ್ದವರಿಗೆ, ರೋಗನಿರೋಧಕ ಶಕ್ತಿ ಬಹಳ ಕುಗ್ಗಿದವರಿಗೆ ಕೊಡುವುದಿಲ್ಲ. ಗರ್ಭಿಣಿಯರು ಮತ್ತು ಅರವತ್ತು ದಾಟಿದವರ ವಿಷಯದಲ್ಲಿ ವೈದ್ಯರು ತೂಗಿ ನೋಡಿ ಹೇಳುತ್ತಾರೆ.

ಮಲೇರಿಯಾ: ಬಂದ ಮೇಲೂ ಗುಳಿಗೆ ಏಕೆ?

ಹಳದಿ ಜ್ವರಕ್ಕೆ ನಿಯಮ ಇದೆ, ಕಾರ್ಡು ಇದೆ. ಮಲೇರಿಯಾಕ್ಕೆ ಅಂಥ ಕಾರ್ಡಿಲ್ಲ, ವಿಮಾನ ನಿಲ್ದಾಣದಲ್ಲಿ ಯಾರೂ ಕೇಳುವುದಿಲ್ಲ. ಆದರೆ ಪ್ರಯಾಣಿಕನ ಜೀವಕ್ಕೆ ದೊಡ್ಡ ಅಪಾಯ ಇದರಿಂದಲೇ. ಜಗತ್ತಿನ ಮಲೇರಿಯಾ ಪ್ರಕರಣಗಳಲ್ಲಿ ನೂರಕ್ಕೆ ಸುಮಾರು 95 ಆಫ್ರಿಕಾದಲ್ಲಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವರ್ಷಕ್ಕೆ ಸುಮಾರು ಆರು ಲಕ್ಷ ಜನ ಇದರಿಂದ ಸಾಯುತ್ತಾರೆ, ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಅಲ್ಲಿ ಹೆಚ್ಚಾಗಿರುವುದು ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಎಂಬ ಪರೋಪಜೀವಿ. ಮಲೇರಿಯಾ ಪರೋಪಜೀವಿಗಳಲ್ಲೇ ಇದು ಅತಿ ಮಾರಕ. ಇದರ ಸೋಂಕಿರುವ ಕೆಂಪು ರಕ್ತಕಣಗಳು ಮಿದುಳಿನ ಸಣ್ಣ ರಕ್ತನಾಳಗಳಿಗೆ ಅಂಟಿಕೊಂಡರೆ ಒಂದೆರಡು ದಿನದಲ್ಲೇ ಪ್ರಜ್ಞೆ ತಪ್ಪಬಹುದು.

“ಅಲ್ಲಿನವರು ಅಲ್ಲೇ ಇರ್ತಾರಲ್ರಿ, ಅವರಿಗೆ ಏನೂ ಆಗಂಗಿಲ್ಲೇನ್ರಿ?” ಎಂದು ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಒಳ್ಳೆಯದು. ಪದೇಪದೇ ಸೋಂಕಿಗೆ ಒಳಗಾಗಿ ಬದುಕುಳಿದ ದೊಡ್ಡವರಲ್ಲಿ ಅರೆಬರೆ ರೋಗನಿರೋಧಕ ಶಕ್ತಿ ಬೆಳೆದಿರುತ್ತದೆ. ಅದು ಇನ್ನೂ ಬೆಳೆಯದ ಮಕ್ಕಳೇ ಅಲ್ಲಿ ಹೆಚ್ಚು ಸಾಯುವುದು. ಗದಗದಿಂದ ಹೋದ ಗಟ್ಟಿಮುಟ್ಟಾದ ಮೂವತ್ತು ವರ್ಷದ ಮನುಷ್ಯ ಈ ವಿಷಯದಲ್ಲಿ ಅಲ್ಲಿನ ಕೂಸಿಗೆ ಸಮ.

ರಕ್ಷಣೆಯ ಮೊದಲ ಹೆಜ್ಜೆ ಕಚ್ಚಿಸಿಕೊಳ್ಳದಿರುವುದು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನ ಜಾವದವರೆಗೆ. ಆ ಹೊತ್ತಿನಲ್ಲಿ ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟು, ಬಯಲಾದ ಚರ್ಮಕ್ಕೆ ಡೀಟ್ ಎಂಬ ರಾಸಾಯನಿಕವಿರುವ ಮುಲಾಮು ಬೇಕು. ಮಲಗುವಾಗ ಕೀಟನಾಶಕ ಲೇಪಿಸಿದ ಪರದೆ ಕಟ್ಟಿ ಅದರ ಅಂಚನ್ನು ಹಾಸಿಗೆಯಡಿ ಸಿಕ್ಕಿಸಬೇಕು. ಹಗಲಿಗೆ ಈಡಿಸ್, ರಾತ್ರಿಗೆ ಅನಾಫಿಲಿಸ್ ಇರುವುದರಿಂದ ಮುಲಾಮು ಎರಡೂ ಹೊತ್ತು ಬೇಕಾಗುತ್ತದೆ. ಬಿಸಿಲಿನ ಕ್ರೀಮು ಬಳಸುವವರು ಮೊದಲು ಅದನ್ನು ಹಚ್ಚಿ, ಅದರ ಮೇಲೆ ಸೊಳ್ಳೆ ಮುಲಾಮು ಹಚ್ಚಬೇಕು.

ಎರಡನೆಯದು ಮುಂಜಾಗ್ರತೆಯ ಗುಳಿಗೆ. ಒಂದು ಕಾಲದಲ್ಲಿ ಮಲೇರಿಯಾ ಅಂದರೆ ಕ್ಲೋರೋಕ್ವಿನ್ ಎಂದಿತ್ತು. ಆಫ್ರಿಕಾದ ಫಾಲ್ಸಿಪಾರಂ ಅದಕ್ಕೆ ಬಗ್ಗುವುದಿಲ್ಲ. ಈಗ ಬಳಕೆಯಲ್ಲಿರುವುದು ಮುಖ್ಯವಾಗಿ ಮೂರು. ಡಾಕ್ಸಿಸೈಕ್ಲಿನ್ ದಿನಕ್ಕೊಂದು, ಹೊರಡುವ ಒಂದೆರಡು ದಿನ ಮೊದಲು ಶುರು, ಮರಳಿದ ಮೇಲೆ ನಾಲ್ಕು ವಾರ. ಮೆಫ್ಲೋಕ್ವಿನ್ ವಾರಕ್ಕೊಂದು, ಎರಡು ಮೂರು ವಾರ ಮೊದಲು ಶುರು, ಮರಳಿದ ಮೇಲೆ ನಾಲ್ಕು ವಾರ. ಅಟೊವಾಕ್ವೋನ್-ಪ್ರೊಗ್ವಾನಿಲ್ ದಿನಕ್ಕೊಂದು, ಒಂದೆರಡು ದಿನ ಮೊದಲು ಶುರು, ಮರಳಿದ ಮೇಲೆ ಏಳು ದಿನ. ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಡಾಕ್ಸಿಸೈಕ್ಲಿನ್ ಗರ್ಭಿಣಿಯರಿಗೆ ಮತ್ತು ಚಿಕ್ಕ ಮಕ್ಕಳಿಗೆ ಆಗದು, ಮಾನಸಿಕ ಕಾಯಿಲೆ ಇದ್ದವರಿಗೆ ಮೆಫ್ಲೋಕ್ವಿನ್ ಆಗದು.

ಜನ ಹೆಚ್ಚಾಗಿ ಎಡವುವುದು ಮರಳಿದ ಮೇಲಿನ ಆ ನಾಲ್ಕು ವಾರದಲ್ಲಿ. ಊರಿಗೆ ಬಂದಾಯಿತು, ಮೈ ಚೆನ್ನಾಗಿದೆ, ಗುಳಿಗೆ ಬಿಟ್ಟರಾಯಿತು ಅನಿಸುತ್ತದೆ. ಪ್ಲಾಸ್ಮೋಡಿಯಂನ ಜೀವನಚಕ್ರದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದವರಿಗೆ ಕಾರಣ ಹೊಳೆಯುತ್ತದೆ. ಸೊಳ್ಳೆ ಚುಚ್ಚಿದ ಪರೋಪಜೀವಿ ನೇರವಾಗಿ ರಕ್ತಕಣಕ್ಕೆ ಹೋಗುವುದಿಲ್ಲ. ಮೊದಲು ಯಕೃತ್ತಿನೊಳಗೆ ಕನಿಷ್ಠ ಒಂದು ವಾರದಷ್ಟು ಕಾಲ ಅಡಗಿ ಬೆಳೆಯುತ್ತದೆ. ಡಾಕ್ಸಿಸೈಕ್ಲಿನ್, ಮೆಫ್ಲೋಕ್ವಿನ್ ಕೆಲಸ ಮಾಡುವುದು ಅದು ರಕ್ತಕ್ಕೆ ಇಳಿದ ಮೇಲೆ. ಹೊರಡುವ ಹಿಂದಿನ ರಾತ್ರಿ ಕಚ್ಚಿದ ಸೊಳ್ಳೆಯ ಸೋಂಕು ಮುಂಡರಗಿಯಲ್ಲಿ ರಕ್ತಕ್ಕೆ ಇಳಿಯುತ್ತದೆ. ಆ ಹೊತ್ತಿಗೆ ರಕ್ತದಲ್ಲಿ ಔಷಧ ಕಾದಿರಬೇಕು. ಅಟೊವಾಕ್ವೋನ್-ಪ್ರೊಗ್ವಾನಿಲ್ ಯಕೃತ್ತಿನ ಹಂತದಲ್ಲೂ ಕೆಲಸ ಮಾಡುವುದರಿಂದ ಅದಕ್ಕೆ ಏಳು ದಿನ ಸಾಕು.

ನೀರು, ಊಟ, ಸರೋವರ

ನೀರಿನ ವಿಷಯದಲ್ಲಿ ನಮ್ಮವರಿಗೆ ಹೊಸದಾಗಿ ಹೇಳುವುದು ಕಡಿಮೆ: ಕುದಿಸಿದ ನೀರು, ಇಲ್ಲವೇ ಸೀಲು ಒಡೆಯದ ಬಾಟಲಿ, ಹೊರಗಿನ ಐಸು, ಕತ್ತರಿಸಿಟ್ಟ ಹಣ್ಣು ಬೇಡ, ಬಿಸಿ ಬಿಸಿ ಬೇಯಿಸಿದ್ದು ತಿನ್ನಿ. ಒಂದು ಅಂಶ ಮಾತ್ರ ಭೌತವಿಜ್ಞಾನದ್ದು. ಸಮುದ್ರಮಟ್ಟದಿಂದ ಮೇಲಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ಸರಿಸುಮಾರು ಪ್ರತಿ 300 ಮೀಟರಿಗೆ ನೀರಿನ ಕುದಿಬಿಂದು ಒಂದು ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಸುಮಾರು 650 ಮೀಟರ್ ಎತ್ತರದ ಗದಗದಲ್ಲಿ ನೀರು ಕುದಿಯುವುದು ಸುಮಾರು 98 ಡಿಗ್ರಿಗೆ. ನೈರೋಬಿಯಲ್ಲಿ ಸುಮಾರು 94, ಇನ್ನೂ ಎತ್ತರದ ಅಡಿಸ್ ಅಬಾಬಾದಲ್ಲಿ ಸುಮಾರು 92. ಸಾಮಾನ್ಯವಾಗಿ ಗುಳ್ಳೆ ಎದ್ದು ಕುದಿಯತೊಡಗಿದ ಮೇಲೆ ಒಂದು ನಿಮಿಷ ಸಾಕು. 2,000 ಮೀಟರಿಗಿಂತ ಎತ್ತರದ ಊರಲ್ಲಿ ಮೂರು ನಿಮಿಷ ಕುದಿಸಬೇಕು.

ಭೇದಿ ಶುರುವಾದರೆ ಮೊದಲ ಮದ್ದು ಓಆರ್‌ಎಸ್. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚ ಸಮತಟ್ಟಾಗಿರಬೇಕು, ಗುಡ್ಡೆಯಾಗಿ ಅಲ್ಲ. ಉಪ್ಪು ಹೆಚ್ಚಾದರೆ ಅಪಾಯ. ಕರುಳಿನಲ್ಲಿ ಗ್ಲೂಕೋಸ್ ಹೀರಿಕೆಯ ಜೊತೆಗೆ ಸೋಡಿಯಂ ಒಳಹೋಗುತ್ತದೆ, ಸೋಡಿಯಂ ಹಿಂದೆ ನೀರು ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಲನೊಬಿಸ್ ಈ ಸರಳ ದ್ರಾವಣದಿಂದ ಕಾಲರಾ ರೋಗಿಗಳನ್ನು ಉಳಿಸಿ ತೋರಿಸಿದರು.

ನಮ್ಮ ಕಡೆಯವರಿಗೆ ಬೇರೆಯಾಗಿಯೇ ಹೇಳಬೇಕಾದ ಎಚ್ಚರಿಕೆ ಸರೋವರದ್ದು. ಸಿಂಗಟಾಲೂರು, ಹಮ್ಮಿಗಿಯ ಹತ್ತಿರ ತುಂಗಭದ್ರೆಯಲ್ಲಿ ಈಜಿ ಬೆಳೆದವರಿಗೆ ಬಿಸಿಲ ಮಧ್ಯಾಹ್ನ ವಿಕ್ಟೋರಿಯಾ ಸರೋವರ ಕಂಡರೆ ಇಳಿಯಬೇಕು ಅನಿಸುತ್ತದೆ. ಆ ನೀರಿನಲ್ಲಿ ಶಿಸ್ಟೋಸೋಮ ಎಂಬ ಚಪ್ಪಟೆಹುಳುವಿನ ಮರಿಗಳು ಇರುತ್ತವೆ. ಸಿಹಿನೀರಿನ ಒಂದು ಬಗೆಯ ಬಸವನಹುಳುವಿನಲ್ಲಿ ಬೆಳೆದು ನೀರಿಗೆ ಬರುವ ಇವು ಗಾಯವಿಲ್ಲದ ಚರ್ಮವನ್ನೂ ಕೊರೆದು ಒಳಹೊಕ್ಕು ರಕ್ತನಾಳ ಸೇರುತ್ತವೆ. ವರ್ಷಗಟ್ಟಲೆ ಉಳಿದು ಮೂತ್ರಕೋಶ, ಯಕೃತ್ತನ್ನು ಕೆಡಿಸುತ್ತವೆ. ನೀರು ಕುಡಿಯದಿದ್ದರೂ ಸೋಂಕು ತಗಲುತ್ತದೆ ಎಂಬುದೇ ಇಲ್ಲಿನ ವಿಶೇಷ. ಲಸಿಕೆ ಇಲ್ಲ, ಔಷಧವಿದೆ. ಆಫ್ರಿಕಾದ ಕೆರೆ, ಸರೋವರ, ಹೊಳೆಗೆ ಇಳಿಯದಿರುವುದೇ ಸರಿ. ಕ್ಲೋರಿನ್ ಹಾಕಿದ ಈಜುಕೊಳ, ಸಮುದ್ರದಲ್ಲಿ ಈ ಭಯವಿಲ್ಲ.

ಉಳಿದ ಲಸಿಕೆಗಳನ್ನು ಚುಟುಕಾಗಿ ಹೇಳಬಹುದು. ಧನುರ್ವಾಯು, ಟೈಫಾಯ್ಡ್, ಹೆಪಟೈಟಿಸ್ ಎ ಮತ್ತು ಬಿ ಬಗ್ಗೆ ವೈದ್ಯರನ್ನು ಕೇಳಿ. ಸೆನೆಗಲ್‌ನಿಂದ ಇಥಿಯೋಪಿಯಾದವರೆಗಿನ ಪಟ್ಟಿಯಲ್ಲಿ ಒಣಹವೆಯ ತಿಂಗಳುಗಳಲ್ಲಿ ಮಿದುಳುಪೊರೆಯ ಉರಿಯೂತ ಹರಡುವುದರಿಂದ ಅಲ್ಲಿಗೆ ಹೋಗುವವರಿಗೆ ಅದರ ಲಸಿಕೆಯೂ ಬೇಕು. ನಾಯಿ ಕಚ್ಚಿದರೆ ಇಲ್ಲಿನಂತೆಯೇ: ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ.

ಕಾಗದ ಮತ್ತು ಪೆಟ್ಟಿಗೆ

ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ವಲಸೆ ಪರಿಶೀಲನೆ ಬೇಕಾದ ವರ್ಗಕ್ಕೆ ಸೇರುತ್ತದೆ. ಅಂಥವರು ಸುಡಾನ್, ದಕ್ಷಿಣ ಸುಡಾನ್, ಲಿಬಿಯಾದಂಥ ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಪಡೆಯಬೇಕು. ಇದನ್ನು ಕಿರುಕುಳವೆಂದು ತಿಳಿಯಬಾರದು. ಏಜೆಂಟರ ಮೋಸದಿಂದ ಕಾಪಾಡಲು ಇರುವ ವ್ಯವಸ್ಥೆ ಅದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಬೆಲೆಯನ್ನು ಮಕ್ಕಳಿಗೆ ಹೇಳಲು ಇದೊಂದು ಉದಾಹರಣೆ. ಕೀನ್ಯಾಕ್ಕೆ 2024ರ ಜನವರಿಯಿಂದ ಪ್ರವಾಸಿಗರು ಆನ್‌ಲೈನ್‌ನಲ್ಲೇ ಪ್ರಯಾಣದ ಅನುಮತಿ ಪಡೆಯುತ್ತಾರೆ. ಆದರೆ ಪ್ರವಾಸಿ ಅನುಮತಿಯ ಮೇಲೆ ಕೂಲಿ ಕೆಲಸ ಮಾಡುವಂತಿಲ್ಲ, ಕೆಲಸಕ್ಕೆ ಬೇರೆ ಪರವಾನಗಿ ಬೇಕು. ತಲುಪಿದ ಕೂಡಲೇ ಅಲ್ಲಿನ ಭಾರತೀಯ ಹೈಕಮಿಷನ್ ಅಥವಾ ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ, ಫೋನ್ ನಂಬರು ನೋಂದಾಯಿಸಿ. ಸುಡಾನಿನಂಥ ಸಂಕಟ ಬಂದಾಗ ಯಾರು ಎಲ್ಲಿದ್ದಾರೆಂದು ಸರ್ಕಾರಕ್ಕೆ ಗೊತ್ತಾಗುವುದು ಇದರಿಂದ.

ಔಷಧಗಳನ್ನು ಮೂಲ ಪಟ್ಟಿಯಲ್ಲೇ ಒಯ್ಯಿರಿ, ಔಷಧದ ಮೂಲ ಹೆಸರು ಬರೆದ ವೈದ್ಯರ ಚೀಟಿ ಜೊತೆಗಿರಲಿ. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆ ಕಳೆದರೂ ಅವು ಉಳಿಯಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟುವವರು ಪ್ಲಾಸ್ಟಿಕ್ ಕ್ಯಾರಿಬ್ಯಾಗು ಬಿಟ್ಟು ಬಟ್ಟೆ ಚೀಲ, ಸ್ಟೀಲ್ ಡಬ್ಬಿ ಬಳಸಬೇಕು. ಕೀನ್ಯಾ 2017ರ ಆಗಸ್ಟಿನಿಂದ, ಟಾಂಜಾನಿಯಾ 2019ರ ಜೂನ್‌ನಿಂದ ಇಂಥ ಚೀಲಗಳನ್ನು ನಿಷೇಧಿಸಿವೆ. ಕೀನ್ಯಾದಲ್ಲಿ ವಿದ್ಯುತ್ ವೋಲ್ಟೇಜು ನಮ್ಮಷ್ಟೇ, ಪ್ಲಗ್ಗಿನ ಕಡ್ಡಿಗಳು ಮಾತ್ರ ಚಪ್ಪಟೆ. ಒಂದು ಅಡಾಪ್ಟರ್ ಸಾಕು. ವಾಹನ ನಮ್ಮಂತೆ ಎಡಬದಿಯಲ್ಲಿ ಹೋಗುತ್ತವೆ. ಇಥಿಯೋಪಿಯಾ, ನೈಜೀರಿಯಾದಲ್ಲಿ ಬಲಬದಿ, ಅಲ್ಲಿ ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಬೇಕು. ಪ್ರಯಾಣಿಕರ ಸಾವಿಗೆ ರಸ್ತೆ ಅಪಘಾತವೂ ದೊಡ್ಡ ಕಾರಣ, ಸೀಟ್‌ಬೆಲ್ಟು ಮರೆಯಬಾರದು. ಕೀನ್ಯಾದ ಗಡಿಯಾರ ನಮಗಿಂತ ಎರಡೂವರೆ ತಾಸು ಹಿಂದೆ. ಸ್ವಾಹಿಲಿ ಭಾಷೆಯಲ್ಲಿ ತಾಸು ಎಣಿಸುವುದು ಬೆಳಗಿನ ಆರರಿಂದ. ಅವರ “ಒಂದು ಗಂಟೆ” ನಮ್ಮ ಏಳು. ಬಸ್ಸಿನ ಹೊತ್ತು ಕೇಳುವಾಗ ಇದು ನೆನಪಿರಲಿ.

ಮರಳಿದ ಮೇಲೆ: ಹೇಳಲೇಬೇಕಾದ ಒಂದು ವಾಕ್ಯ

ಮಳೆಗಾಲದಲ್ಲಿ ಜ್ವರ ಎಂದು ಹೋದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ವೈದ್ಯರಿಗೆ ಮೊದಲು ಡೆಂಗಿ, ಟೈಫಾಯ್ಡ್ ನೆನಪಾಗುವುದು ಸಹಜ. ಎರಡು ದಿನ ಗುಳಿಗೆ ಕೊಟ್ಟು ನೋಡೋಣ ಅನ್ನುವುದೂ ಸಹಜ. ಫಾಲ್ಸಿಪಾರಂ ಮಲೇರಿಯಾದಲ್ಲಿ ಆ ಎರಡು ದಿನವೇ ಜೀವ ತೆಗೆಯಬಹುದು. ಮಲೇರಿಯಾ ಪ್ರದೇಶಕ್ಕೆ ಕಾಲಿಟ್ಟ ಏಳು ದಿನದ ನಂತರ, ಮರಳಿ ಬಂದ ಮೂರು ತಿಂಗಳವರೆಗೂ, ಯಾವ ಜ್ವರ ಬಂದರೂ ಅದು ಮಲೇರಿಯಾ ಇರಬಹುದು ಎಂದೇ ಹೊರಡಬೇಕು. ಗುಳಿಗೆ ತಪ್ಪದೆ ನುಂಗಿದ್ದರೂ ಸರಿ. ಮೂರು ತಿಂಗಳ ನಂತರವೂ ಅಪರೂಪಕ್ಕೆ ಬರುವುದುಂಟು.

ವೈದ್ಯರ ಮುಂದೆ ಕೂತ ಕೂಡಲೇ ಹೇಳಬೇಕಾದ ವಾಕ್ಯ ಇಷ್ಟೇ: “ನಾನು ಇಂಥ ತಾರೀಕಿಗೆ ಆಫ್ರಿಕಾದ ಇಂಥ ಊರಿನಿಂದ ಬಂದೀನ್ರಿ.” ಅದೇ ದಿನ ರಕ್ತದ ಲೇಪನ ಪರೀಕ್ಷೆ ಆಗಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಲೇರಿಯಾ ಪರೀಕ್ಷೆ ಉಚಿತ. ಮೊದಲ ಪರೀಕ್ಷೆಯಲ್ಲಿ ಕಾಣದಿದ್ದರೂ ಹನ್ನೆರಡರಿಂದ ಇಪ್ಪತ್ನಾಲ್ಕು ತಾಸಿನಲ್ಲಿ ಮತ್ತೆ ಮಾಡಿಸಬೇಕು, ರಕ್ತದಲ್ಲಿ ಪರೋಪಜೀವಿಗಳ ಸಂಖ್ಯೆ ಕಡಿಮೆಯಿದ್ದಾಗ ತಪ್ಪಿಸಿಕೊಳ್ಳುತ್ತವೆ. ಮಾತು ತೊದಲಿದರೆ, ಮಂಪರು ಬಂದರೆ, ಮೂತ್ರ ಕಪ್ಪಾದರೆ ತಾಲ್ಲೂಕಿನಲ್ಲಿ ಕಾಯದೆ ಗದಗದ ಜಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ರೋಗಿಗೆ ಹೇಳುವ ಸ್ಥಿತಿ ಇಲ್ಲದಿರಬಹುದು. ಹಾಗಾಗಿ ಈ ವಾಕ್ಯ ಮನೆಯವರಿಗೂ ಗೊತ್ತಿರಬೇಕು. ಮನೆಯಲ್ಲಿರುವ ಆ ಒಬ್ಬರು ನಮ್ಮ ತರಗತಿಯ ಹುಡುಗನೋ ಹುಡುಗಿಯೋ ಆಗಿರಬಹುದು. ಈ ವಿಷಯವನ್ನು ಶಾಲೆಯಲ್ಲಿ ಹೇಳಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣದು.

ತರಗತಿಯಲ್ಲಿ ಬಳಸುವ ಬಗೆ

ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಪಾಠಕ್ಕೆ ಪೂರಕವಾಗಿ ಎರಡು ಅವಧಿಗಳಲ್ಲಿ ಇದನ್ನು ಮಾಡಬಹುದು. ಸಹಪ್ರಶಿಕ್ಷಣಾರ್ಥಿಗಳಿಗೆ ನಾಲ್ಕು ಚಟುವಟಿಕೆಗಳನ್ನು ಸೂಚಿಸುತ್ತೇನೆ.

1. ಹಿಮ್ಮುಖ ಕ್ಯಾಲೆಂಡರ್. ಮೆಕ್ಯಾನಿಕ್ ಆಗಸ್ಟ್ 1ರಂದು ಹೊರಟು ಜನವರಿ 31ರಂದು ಮರಳುತ್ತಾರೆ. ಲಸಿಕೆಗೆ ಕೊನೆಯ ದಿನ, ಮೂರೂ ಬಗೆಯ ಗುಳಿಗೆ ಶುರು ಮಾಡುವ ಮತ್ತು ನಿಲ್ಲಿಸುವ ದಿನ, ಜ್ವರದ ಎಚ್ಚರಿಕೆ ಮುಗಿಯುವ ದಿನ ಇವನ್ನು ಗುಂಪುಗಳು ಲೆಕ್ಕ ಹಾಕಲಿ. ಲಸಿಕೆಯ ದಿನ ಜುಲೈ 22 ದಾಟಬಾರದು ಎಂದು ಅವರೇ ಕಂಡುಕೊಳ್ಳಲಿ. ವೈದ್ಯರನ್ನು ಕಾಣಲು ಆರು ವಾರ ಮೊದಲೇ ಏಕೆ ಹೋಗಬೇಕೆಂಬುದು ಆಗ ತಾನಾಗಿ ತಿಳಿಯುತ್ತದೆ.

2. ಬ್ಯಾರಲ್ ಸಮೀಕ್ಷೆ. ಪ್ರತಿ ವಿದ್ಯಾರ್ಥಿ ಮನೆಯ ನೀರಿನ ಪಾತ್ರೆಗಳನ್ನು ಎಣಿಸಿ, ಮುಚ್ಚಳ ಇದೆಯೇ, ಕಳೆದ ಬಾರಿ ತಿಕ್ಕಿ ತೊಳೆದದ್ದು ಯಾವಾಗ, ಲಾರ್ವಾ ಕಂಡಿತೇ ಎಂದು ಪಟ್ಟಿ ಮಾಡಲಿ. ನೀರು ಚೆಲ್ಲಲು ಹೇಳಬಾರದು. ಹತ್ತು ದಿನಕ್ಕೆ ಬಂದ ನೀರನ್ನು ಯಾವ ತಾಯಿಯೂ ಚೆಲ್ಲುವುದಿಲ್ಲ. ಬಟ್ಟೆ ಕಟ್ಟಿ ಮುಚ್ಚುವುದು, ಖಾಲಿಯಾದಾಗ ಒಳಗೋಡೆ ತಿಕ್ಕುವುದು ಸಾಧ್ಯವಾದ ಕೆಲಸ. ಈಡಿಸ್ ಮೊಟ್ಟೆ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಬರೀ ನೀರು ಬದಲಿಸಿದರೆ ಹೋಗದು.

3. ಕುದಿಬಿಂದು ಲೆಕ್ಕ. ಭೂಪಟದಿಂದ ಊರುಗಳ ಎತ್ತರ ನೋಡಿ, 300 ಮೀಟರಿನ ಸೂತ್ರದಿಂದ ಕುದಿಬಿಂದು ಲೆಕ್ಕ ಹಾಕುವುದು. ನೈರೋಬಿಯಲ್ಲಿ ಬೇಳೆ ಬೇಯಲು ಕುಕ್ಕರ್ ಏಕೆ ಬೇಕೆಂದು ಚರ್ಚಿಸುವುದು.

4. ತಿರುವುಮುರುವು ಪತ್ರ. ಕಿಸುಮುವಿನ ಶಿಕ್ಷಕಿಯೊಬ್ಬರು ಗದಗಕ್ಕೆ ಬರುತ್ತಿದ್ದಾರೆ ಎಂದುಕೊಂಡು ಅವರಿಗೆ ಆರೋಗ್ಯದ ಸಲಹೆ ಬರೆಯುವುದು.

ನಾಲ್ಕನೆಯದನ್ನು ಬಿಡಬಾರದೆಂದು ನನ್ನ ಒತ್ತಾಯ. ಇಡೀ ಪಾಠ ರೋಗಗಳ ಸುತ್ತ ಸುತ್ತಿದಾಗ ಮಕ್ಕಳ ಮನಸ್ಸಿನಲ್ಲಿ “ಆಫ್ರಿಕಾ ಅಂದರೆ ರೋಗ” ಎಂಬ ಚಿತ್ರ ಕೂರುವ ಅಪಾಯ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಆಫ್ರಿಕಾ ಮೂಲದ ಸಿದ್ಧಿ ಸಮುದಾಯದ ಮಕ್ಕಳು ಕನ್ನಡ ಶಾಲೆಗಳಲ್ಲಿ ಓದುತ್ತಿದ್ದಾರೆ. ಅಂಥ ಚಿತ್ರ ನೋಯಿಸುವುದು ಅವರನ್ನು. ತರಗತಿಯಲ್ಲಿ ಆ ಪತ್ರ ಬರೆಸಿದಾಗ ಬಂದ ಸಲಹೆಗಳು ಇವು: ಕುದಿಸಿದ ನೀರು ಕುಡೀರಿ, ಹಗಲು ಸೊಳ್ಳೆ ಕಚ್ಚತಾವು, ಬೀದಿ ನಾಯಿ ಹತ್ರ ಹೋಗಬ್ಯಾಡ್ರಿ, ಎಪ್ರಿಲ್‌ದಾಗ ಬಿಸಿಲಿಗೆ ಹೊರಗ ಬರಬ್ಯಾಡ್ರಿ. ಕಿಸುಮುವಿಗೆ ಹೋಗುವವರಿಗೆ ನಾವು ಬರೆದ ಪಟ್ಟಿಯ ಪಕ್ಕದಲ್ಲಿ ಇದನ್ನು ಅಂಟಿಸಿ ಓದಿಸಿದರೆ ಸಾಕು, ಎರಡರಲ್ಲಿ ಎಷ್ಟು ಸಾಲು ಒಂದೇ ಇವೆ ಎಂದು ಮಕ್ಕಳೇ ಎಣಿಸುತ್ತಾರೆ.